ನಕ್ಷೆ ಕಲಿಯಲು ಬಿದ್ದ ಖರ್ಚು

ನಮ್ಮ ಪುರಸಭೆಯ ಲೆಕ್ಕಾಧಿಕಾರಿ ಮೇಡಂಗೆ ‘ಕತ್ತರಿ’ ಎಂದು ಅಡ್ಡಹೆಸರು ಇಟ್ಟವಳು ನಾನೇ. ಅದಕ್ಕೆ ಇಂದಿಗೂ ನಾಚಿಕೆಯಿಲ್ಲ. ಆಗ ಅದು ಅವರಿಗೆ ಅಳತೆ ತೆಗೆದು ಹೊಲಿಸಿದಂತೆ ಒಪ್ಪುತ್ತಿತ್ತು. ನಕ್ಷೆ ಕೊಠಡಿಗೆ ಹೊಸ ನಿಬ್ಬು ಬೇಕೆಂದು ಬರೆದರೆ ಹಳೆಯ ನಿಬ್ಬನ್ನು ತಂದು ತೋರಿಸಿ ಎನ್ನುತ್ತಿದ್ದರು. ಶಾಯಿ ಕೇಳಿದರೆ ಖಾಲಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಳದಲ್ಲಿ ಇನ್ನೂ ನಾಲ್ಕು ಗೆರೆಗೆ ಆಗುವಷ್ಟಿದೆಯಲ್ಲ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಅವರ ಮೇಜಿಗೆ ಹೋದ ಯಾವ ಬಿಲ್ಲೂ ಹೋದಷ್ಟೇ ಉದ್ದಕ್ಕೆ ವಾಪಸು ಬಂದದ್ದಿಲ್ಲ. ಅಂಥವರನ್ನು ಇಂದು ನೆನೆದರೆ ನನ್ನ ಕೈ ತಾನಾಗಿ ಮುಗಿಯುತ್ತದೆ. ಅದು ಹೇಗಾಯಿತೆಂದು ಹೇಳುತ್ತೇನೆ. ನಡುವೆ ನಾನು ರೇಗಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ನಾನು ಟ್ರೇಸರ್. ಅಂದರೆ ಹಳೆಯ ನಕ್ಷೆಯ ಮೇಲೆ ತೆಳುವಾದ ಪಾರದರ್ಶಕ ಹಾಳೆ ಹಾಸಿ, ಮೂಲೆಗಳಿಗೆ ಪಿನ್ನು ಚುಚ್ಚಿ, ಕೆಳಗೆ ಕಾಣುವ ಗೆರೆಯನ್ನು ಮೇಲೆ ಕಪ್ಪು ಶಾಯಿಯಲ್ಲಿ ಎಳೆಯುವವಳು. ಊರಿನ ಯಾವ ಬೀದಿಯ ನಕ್ಷೆಯ ಪ್ರತಿ ಯಾರಿಗೆ ಬೇಕಾದರೂ ಅದು ನನ್ನ ಕೈಯಿಂದಲೇ ಹೊರಬೀಳಬೇಕಿತ್ತು. ಕೆಲಸ ಕಲಿಸಿದ ಹಿರಿಯ ಟ್ರೇಸರ್ ಒಬ್ಬರಿದ್ದರು, ನಾವೆಲ್ಲ ಗುರುಗಳು ಎನ್ನುತ್ತಿದ್ದೆವು. ಕೆಳಗೆ ಏನಿದೆಯೋ ಅದನ್ನು ಎಳೆ, ನಿನ್ನ ತಲೆ ಓಡಿಸಬೇಡ ಎಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ತಲೆ ಓಡಿಸದೆ ನಾನು ಇಷ್ಟು ವರ್ಷ ನಿಶ್ಚಿಂತೆಯಿಂದ ದುಡಿದೆ.

ನಿಶ್ಚಿಂತೆಗೆ ಇನ್ನೊಂದು ಕಾರಣವಿತ್ತು. ಕಚೇರಿಯ ಹಿಂದಿನ ಗೇಟು ದಾಟಿ ಎರಡು ಬೀದಿ ನಡೆದರೆ ನಮ್ಮ ಮನೆ. ಮನೆಯಲ್ಲಿ ನನ್ನ ಅತ್ತೆ. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು, ಮಾತು ಮುಕ್ಕಾಲು ಪಾಲು ಕರಗಿತ್ತು, ಹಟ ಮಾತ್ರ ಒಂದು ಚೂರೂ ಸವೆದಿರಲಿಲ್ಲ. ಬೆಳಗಿನ ತಿಂಡಿ ತಿನ್ನಿಸಿ ನನ್ನ ಗಂಡ ಬಸ್ಸು ಓಡಿಸಲು ಹೊರಟರೆ ಕತ್ತಲಾದ ಮೇಲೆಯೇ ಬರುವುದು. ಮಧ್ಯಾಹ್ನದ ಊಟ ನನ್ನ ಪಾಲು. ಅತ್ತೆಗೆ ನುಂಗುವುದು ನಿಧಾನ. ಅವಸರ ಮಾಡಿದರೆ ಕೆಮ್ಮು ಬಂದು ಕಣ್ಣು ಮೇಲಕ್ಕೆ ಹೋಗುತ್ತದೆ. ನಮ್ಮಿಬ್ಬರನ್ನು ಬಿಟ್ಟು ಬೇರೆಯವರ ಕೈಯಲ್ಲಿ ತಿನ್ನುವುದೂ ಇಲ್ಲ. ನನ್ನ ನಾದಿನಿ, ಅವರ ಹೊಟ್ಟೆಯಲ್ಲೇ ಹುಟ್ಟಿದವಳು, ಒಮ್ಮೆ ತಿನ್ನಿಸಲು ಕೂತು ಮೈತುಂಬ ಉಗುಳಿಸಿಕೊಂಡು ಎದ್ದಳು. ಎದುರುಮನೆಯ ದರ್ಜಿಯಾಕೆ ಕೂತಾಗ ಬಾಯಿಗೆ ಬೀಗ ಹಾಕಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು. ಹಾಗಾಗಿ ಮಧ್ಯಾಹ್ನ ಕೌಂಟರು ಮುಚ್ಚಿದ ತಕ್ಷಣ ನಾನು ಓಡಬೇಕು, ಊಟ ಮಾಡಿಸಿ ಓಡಿಬರಬೇಕು. ಆ ಎರಡು ಬೀದಿಗಳ ಕೃಪೆಯಿಂದ ನಮ್ಮ ಮನೆ ನಡೆಯುತ್ತಿತ್ತು.

ಹೀಗಿರುವಾಗ ಮುಖ್ಯಾಧಿಕಾರಿ ಒಂದು ಸಭೆ ಕರೆದರು. ಇನ್ನು ಮುಂದೆ ಬೀದಿ, ಮನೆ, ನೀರಿನ ಕೊಳವೆ, ಚರಂಡಿ, ದೀಪದ ಕಂಬ ಎಲ್ಲವೂ ಕಂಪ್ಯೂಟರಿನ ನಕ್ಷೆಗೆ ಏರಬೇಕೆಂದು ಮೇಲಿನಿಂದ ಆದೇಶ ಬಂದಿದೆ ಎಂದರು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದಂತೆ, ಕಲಿಯುವುದಕ್ಕೆ ಮಾತ್ರ ದುಡ್ಡಂತೆ. ಹಸು ಪುಕ್ಕಟೆ ಕೊಟ್ಟು ಹಾಲು ಕರೆಯೋದು ಕಲಿಸೋಕೆ ದುಡ್ಡು ಕೇಳ್ತಾರಾ ಎಂದು ಕಂದಾಯ ನಿರೀಕ್ಷಕರು ಹಿಂದಿನ ಸಾಲಿನಿಂದ ಗೊಣಗಿದರು, ಎಲ್ಲರೂ ನಕ್ಕರು. ರಾಜಧಾನಿಯಲ್ಲಿ ಒಂದು ವಾರ ತರಬೇತಿ. ಪ್ರಯಾಣ, ವಸತಿ, ಭತ್ಯೆ, ಶುಲ್ಕ ಎಲ್ಲ ಸೇರಿ ತಲೆಗೆ ಬೀಳುವ ಖರ್ಚು ನೋಡಿದರೆ ಮೂವರನ್ನು ಕಳಿಸಬಹುದು, ಅಷ್ಟೇ. ಕಲಿತು ಬಂದವರು ನಕ್ಷೆ ಕೊಠಡಿಯಲ್ಲಿ ಇರುತ್ತಾರೆ. ಕಲಿಯದ ನಕ್ಷೆ ಸಿಬ್ಬಂದಿ ಊರ ಹೊರಗಿನ ನೀರು ಶುದ್ಧೀಕರಣ ಘಟಕದ ಉಗ್ರಾಣಕ್ಕೆ ಹೋಗುತ್ತಾರೆ.

ಅಲ್ಲಿಗೆ ನನ್ನ ನಗು ಮುಗಿಯಿತು. ಆ ಘಟಕಕ್ಕೆ ಹೋಗಿಬರಲು ಬಸ್ಸಿನಲ್ಲೇ ಅರ್ಧ ದಿನ ಕಳೆಯುತ್ತದೆ. ಮಧ್ಯಾಹ್ನ ಮನೆಗೆ ಬರುವ ಮಾತು ಕನಸಿನಲ್ಲೂ ಇಲ್ಲ. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಬಿಡದಿದ್ದರೆ ಅತ್ತೆ ಉಪವಾಸ. ಮುಖ್ಯಾಧಿಕಾರಿ ಮೂವರ ಹೆಸರು ಓದಿದರು, ಅದರಲ್ಲಿ ನಾನಿರಲಿಲ್ಲ. ಇಂಜಿನಿಯರ್ ಸೇರಿಸಿದ್ದ ನನ್ನ ಹೆಸರನ್ನು ಲೆಕ್ಕ ವಿಭಾಗದವರು ಹೊಡೆದುಹಾಕಿದ್ದಾರೆ, ಇನ್ನು ಕೆಲವೇ ವರ್ಷ ಸೇವೆ ಉಳಿದವರ ಮೇಲೆ ಅಷ್ಟು ಖರ್ಚು ಮಾಡುವುದು ಸರಿಯಲ್ಲ ಎಂದು ಬರೆದಿದ್ದಾರೆ ಎಂದು ಆಮೇಲೆ ತಿಳಿಯಿತು.

ನಾನು ನೆಟ್ಟಗೆ ಕತ್ತರಿಯ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟುವ ಮರ್ಯಾದೆಯೂ ನೆನಪಾಗಲಿಲ್ಲ. ನಿಬ್ಬು ಕತ್ತರಿಸಿದಿರಿ, ಶಾಯಿ ಕತ್ತರಿಸಿದಿರಿ, ಈಗ ಮನುಷ್ಯರನ್ನೇ ಕತ್ತರಿಸುವುದಕ್ಕೆ ಹೊರಟಿರಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಪೆನ್ನನ್ನು ಕೈಯಲ್ಲೇ ಹಿಡಿದು, ನನಗೆ ಉಸಿರು ಸಿಗುವವರೆಗೆ ಕಾದರು. ಬಿಲ್ಲು ಹಿಡಿದು ಕೂಗಾಡುವವರನ್ನು ಇಡೀ ಜೀವಮಾನ ಎದುರಿಗೆ ಕೂರಿಸಿಕೊಂಡವರು, ಕಾಯುವುದು ಅವರಿಗೆ ಹೊಸದಲ್ಲ.

“ಹೆಸರು ಉಳಿಸಿದ್ರೆ ಹೋಗ್ತಿದ್ರಾ?” ಎಂದರು.

ಒಂದು ವಾರ ಅತ್ತೆಯನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ? ಸಿಟ್ಟಿನ ಭರದಲ್ಲಿ ಅಷ್ಟು ಸರಳ ವಿಷಯ ನನಗೇ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು ಎಲ್ಲ ಹೇಳಿದೆ. ಅತ್ತೆಯ ಕೈ, ಅವರ ಹಟ, ಎರಡು ಬೀದಿಯ ಓಟ, ಊರ ಹೊರಗಿನ ಉಗ್ರಾಣ. ಹೇಳುವಾಗ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ಅವರು ಸಮಾಧಾನದ ಮಾತೊಂದೂ ಆಡಲಿಲ್ಲ. ರಾಜಧಾನಿಯಲ್ಲಿ ಪಾಠ ಹೇಳುವವರು ಎಷ್ಟು ಜನ ಎಂದು ಮಾತ್ರ ಕೇಳಿದರು. ಒಬ್ಬರೇ ಇರಬೇಕು ಎಂದೆ.

“ಒಬ್ಬರ ಹತ್ರ ಮೂರು ಜನ ಹೋಗೋದಕ್ಕಿಂತ ಮೂರು ಜನರ ಹತ್ರ ಒಬ್ಬರು ಬರೋದು ಅಗ್ಗ ಅಲ್ವಾ?” ಎಂದು ತಮಗೇ ಹೇಳಿಕೊಂಡು ಕ್ಯಾಲ್ಕ್ಯುಲೇಟರನ್ನು ಹತ್ತಿರ ಎಳೆದುಕೊಂಡರು. ನಾನು ಎದ್ದುಬಂದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ.

ಆಮೇಲೆ ನಡೆದದ್ದನ್ನು ಜವಾನ ದಿನವೂ ಬಂದು ವರದಿ ಮಾಡುತ್ತಿದ್ದ. ತರಬೇತಿ ಸಂಸ್ಥೆಯವರು ಮೊದಲು ಸುತರಾಂ ಒಪ್ಪಲಿಲ್ಲವಂತೆ. ಕತ್ತರಿ ಫೋನು ಕೆಳಗಿಡಲಿಲ್ಲವಂತೆ. ಸಭಾಂಗಣ ನಮ್ಮದು, ಕುರ್ಚಿ ನಮ್ಮದು, ಕರೆಂಟು ನಮ್ಮದು, ಕಂಪ್ಯೂಟರನ್ನು ವಿಭಾಗಗಳಿಂದ ಹೊತ್ತು ತರುತ್ತೇವೆ, ನಿಮ್ಮದೇನಿದ್ದರೂ ಒಂದು ನಾಲಿಗೆ ತಾನೇ, ಅದು ಮೂವರಿಗೆ ಮಾತಾಡಿದರೂ ಹತ್ತು ಮಂದಿಗೆ ಮಾತಾಡಿದರೂ ಅಷ್ಟೇ ಸವೆಯುತ್ತದೆ ಎಂದು ವಾದಿಸಿದರಂತೆ. ಅವರ ಜೊತೆ ಚೌಕಾಸಿಗೆ ಇಳಿದು ಗೆದ್ದವರು ಈ ಊರಲ್ಲಿ ಇಲ್ಲ, ರಾಜಧಾನಿಯವರೂ ಗೆಲ್ಲಲಿಲ್ಲ. ಮೂವರ ಖರ್ಚಿಗಿಂತ ಕಡಿಮೆಗೆ ನಕ್ಷೆ ಮುಟ್ಟುವ ಎಲ್ಲ ಸಿಬ್ಬಂದಿಗೂ ಕಲಿಸುವುದೆಂದು ತೀರ್ಮಾನವಾಯಿತು. ರಾಜಧಾನಿಯಲ್ಲಿ ಹೆಂಡತಿಗೆ ಅಂಗಡಿ ಸುತ್ತಿಸುವ ಯೋಜನೆ ಹಾಕಿಕೊಂಡಿದ್ದ ಇಂಜಿನಿಯರ್ ಮಾತ್ರ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು.

ಒಂದೇ ಒಂದು ಷರತ್ತು ಹಾಕಿದ್ದರು ಕತ್ತರಿ. ತರಬೇತಿಯ ನೆಪದಲ್ಲಿ ತೆರಿಗೆ ಕೌಂಟರು ಮುಚ್ಚುವಂತಿಲ್ಲ. ಹಾಗಾಗಿ ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಅಭ್ಯಾಸ, ಮುಖ್ಯ ಪಾಠ ಮಧ್ಯಾಹ್ನ ಕೌಂಟರು ಮುಚ್ಚಿರುವ ಹೊತ್ತಿನಲ್ಲಿ. ಅಂದರೆ ಅತ್ತೆಯ ಊಟದ ಹೊತ್ತಿನಲ್ಲೇ. ಇದನ್ನು ಕೇಳಿ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮತ್ತೆ ಹೋಗಿ ಜಗಳ ಆಡಲು ಮುಖವಿರಲಿಲ್ಲ, ಹೇಗೋ ತೂಗಿಸಿದರಾಯಿತೆಂದು ಸುಮ್ಮನಾದೆ.

ಪಾಠ ಹೇಳಲು ಬಂದವಳು ನನ್ನ ಮಗಳಿದ್ದರೆ ಅವಳಷ್ಟೇ ವಯಸ್ಸಿನವಳು. ಬೆನ್ನಿಗೆ ತನಗಿಂತ ದೊಡ್ಡ ಚೀಲ, ಮುಖದ ತುಂಬ ನಗು. ಮೊದಲ ದಿನವೇ ಎಲ್ಲರೂ ಟೀಚರಮ್ಮ ಎಂದು ಕರೆಯತೊಡಗಿದರು. ಸಭಾಂಗಣದಲ್ಲಿ ಉದ್ದಕ್ಕೆ ಮೇಜು ಜೋಡಿಸಿ, ವೈರುಗಳನ್ನು ಯಾರೂ ಎಡವದಂತೆ ಟೇಪು ಅಂಟಿಸಿ, ಗೋಡೆಗೆ ಬಿಳಿ ಪರದೆ ಇಳಿಬಿಟ್ಟಿದ್ದರು. ನನ್ನ ಪಕ್ಕ ನೀರಿನ ವಿಭಾಗದ ಮೇಸ್ತ್ರಿ, ಆಚೆ ಕಂದಾಯ ನಿರೀಕ್ಷಕರು. ಮೌಸನ್ನು ನಾನು ಪೆನ್ನಿನಂತೆ ಮೂರು ಬೆರಳಲ್ಲಿ ಎತ್ತಿ ಹಿಡಿಯುತ್ತಿದ್ದೆ. ಎತ್ತಿದಾಗಲೆಲ್ಲ ಪರದೆಯ ಬಾಣ ನಿಂತಲ್ಲೇ ನಿಂತು ನನ್ನನ್ನು ಅಣಕಿಸುತ್ತಿತ್ತು. ಗೆರೆ ಓರೆಯಾಗಿದ್ದರೆ ನಾವು ಟ್ರೇಸರುಗಳು ಹಾಳೆಯನ್ನೇ ಕೈಗೆ ಅನುಕೂಲವಾಗಿ ತಿರುಗಿಸಿಕೊಳ್ಳುತ್ತೇವೆ. ಆ ಅಭ್ಯಾಸದಲ್ಲಿ ಕಂಪ್ಯೂಟರಿನ ಪರದೆಯನ್ನೇ ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ಹೋದೆ. ಮೇಸ್ತ್ರಿ ಮಹಾರಾಯ ಅದನ್ನು ಊರೆಲ್ಲ ಹೇಳಿಕೊಂಡು ಬಂದ. ಟೀಚರಮ್ಮ ನಗಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು, ಮೌಸನ್ನು ಎತ್ತದೆ ಜಾರಿಸುವುದನ್ನು ತೋರಿಸಿದಳು. ಆ ಕೈಯ ಬಿಸಿ ಇನ್ನೂ ನೆನಪಿದೆ.

ಅವಳು ‘ಪದರ’ ಎಂದು ಹೇಳಿದ್ದು ಮಾತ್ರ ನನಗೆ ಥಟ್ಟನೆ ಹಿಡಿಸಿತು. ಬೀದಿಗಳದೊಂದು ಪದರ, ಮನೆಗಳದೊಂದು, ಕೊಳವೆಗಳದೊಂದು. ಬೇಕಾದ್ದನ್ನು ಮೇಲೆ ಹಾಸಬಹುದು, ಬೇಡದ್ದನ್ನು ಮಡಚಿಡಬಹುದು. ಅರೆ, ನಾನು ಜೀವನವಿಡೀ ಮಾಡಿದ್ದು ಇದನ್ನೇ ಅಲ್ಲವೇ, ಹಾಳೆಯ ಮೇಲೆ ಹಾಳೆ. ಆ ಬೆಳಿಗ್ಗೆ ನನಗೆ ಧೈರ್ಯ ಬಂತು. ಮಧ್ಯಾಹ್ನವಾದರೆ ಧೈರ್ಯವನ್ನು ಕುರ್ಚಿಯಲ್ಲೇ ಬಿಟ್ಟು ಮನೆಗೆ ಓಡುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಮುಖ್ಯ ಪಾಠ ಮುಗಿದಿರುತ್ತಿತ್ತು. ಟೀಚರಮ್ಮ ಪಾಪ, ನೀರು ಕುಡಿಯುವ ಸಮಯದಲ್ಲಿ ನನಗೆ ನಾಲ್ಕು ಮಾತಲ್ಲಿ ಅದನ್ನೇ ಮತ್ತೆ ಹೇಳುತ್ತಿದ್ದಳು. ನಾಲ್ಕು ಮಾತು ಎಷ್ಟಕ್ಕೆ ಸಾಕಾಗುತ್ತದೆ?

ವಾರದ ನಡುವೆ ಒಂದು ಸಂಜೆ ಮುಖ್ಯಾಧಿಕಾರಿ ಎಲ್ಲರ ಅಭ್ಯಾಸ ನೋಡಲು ಬಂದರು. ಪ್ರತಿಯೊಬ್ಬರೂ ಬರೆದ ನಕ್ಷೆಯನ್ನು ಟೀಚರಮ್ಮ ಗೋಡೆಯ ಪರದೆಯ ಮೇಲೆ ತೋರಿಸುತ್ತ ಹೋದಳು. ನನ್ನ ಪಾಲಿಗೆ ಬಂದದ್ದು ಮಾರುಕಟ್ಟೆಯ ಸುತ್ತಲಿನ ಭಾಗ. ನಾನೇ ಹಿಂದೆ ಶಾಯಿಯಲ್ಲಿ ಎಳೆದ ಪ್ರತಿಯನ್ನು ಸ್ಕ್ಯಾನ್ ಮಾಡಿ ಕೊಟ್ಟಿದ್ದರು. ಒಂದು ಗೆರೆಯೂ ತಪ್ಪದಂತೆ ಎಳೆದಿದ್ದೆ, ಬಣ್ಣ ತುಂಬಿದ್ದೆ. ಒಳಗೊಳಗೇ ಬೀಗುತ್ತಲೂ ಇದ್ದೆ. ಪರದೆಯ ಮೇಲೆ ಅದು ಮೂಡಿದಾಗ ಎಲ್ಲರ ಕತ್ತೂ ಮುಂದಕ್ಕೆ ಬಂತು.

ಮಾರುಕಟ್ಟೆಯ ನಟ್ಟನಡುವೆ ದುಂಡಗಿನ ನೀಲಿ ಕೆರೆ.

ಇದ್ಯಾವ ಕೆರೆ, ನನಗೇ ಗೊತ್ತಿಲ್ಲದ ನೀರು ಈ ಊರಲ್ಲಿ ಎಲ್ಲಿಂದ ಬಂತು ಎಂದು ಮೇಸ್ತ್ರಿ ಕೇಳಿದ. ತರಕಾರಿ ಅಂಗಡಿಯವರು ದೋಣಿ ಇಟ್ಟುಕೊಳ್ಳಬೇಕು ಎಂದರು ಕಂದಾಯ ನಿರೀಕ್ಷಕರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರಮ್ಮ ಉಪಗ್ರಹದಿಂದ ತೆಗೆದ ಚಿತ್ರವನ್ನು ನಕ್ಷೆಯ ಕೆಳಗೆ ಹಾಸಿದಳು. ಕೆರೆಯ ಜಾಗದಲ್ಲಿ ಮಾರುಕಟ್ಟೆಯ ತಗಡಿನ ಸೂರು ಹೊಳೆಯುತ್ತಿತ್ತು. ನಾನು ಜಗ್ಗಲಿಲ್ಲ. ಆ ಉಂಗುರ ಹಳೆಯ ನಕ್ಷೆಯಲ್ಲೇ ಇದೆ, ನಾನು ನನ್ನ ತಲೆಯಿಂದ ಏನೂ ಸೇರಿಸಿಲ್ಲ ಎಂದು ವಾದಿಸಿ, ಜವಾನನ ಕೈಯಲ್ಲಿ ಮೂಲ ನಕ್ಷೆಯನ್ನೇ ತರಿಸಿದೆ. ಬಟ್ಟೆಗೆ ಅಂಟಿಸಿದ ಹಳೆಯ ಹಾಳೆ. ಬಿಚ್ಚಿ ನೋಡಿದರೆ ಉಂಗುರ ಇತ್ತು, ಸರಿಯೇ. ಕಂದು ಬಣ್ಣದ, ಒಂದು ಕಡೆ ಚೂರು ಮಾಸಿದ ಉಂಗುರ. ಯಾರೋ ಪುಣ್ಯಾತ್ಮರು ಚಹಾದ ಲೋಟ ಇಟ್ಟು ಎತ್ತಿದ ಗುರುತು. ಗುರುಗಳು ಅದನ್ನು ಭಕ್ತಿಯಿಂದ ಶಾಯಿಯಲ್ಲಿ ಎಳೆದಿದ್ದರು, ಅವರ ಪ್ರತಿಯಿಂದ ನಾನು ಎಳೆದಿದ್ದೆ, ನನ್ನ ಪ್ರತಿಯಿಂದ ಈಗ ಕೆರೆ ತುಂಬಿತ್ತು.

ಹಳೆಯ ನಕ್ಷೆಯಲ್ಲಿ ಗೆರೆ ಯಾವುದು, ಕಲೆ ಯಾವುದು, ಉಪಗ್ರಹದ ಚಿತ್ರ ಹಾಸಿ ಹೇಗೆ ಹೋಲಿಸಿ ನೋಡಬೇಕು ಎನ್ನುವುದೇ ಆ ದಿನ ಮಧ್ಯಾಹ್ನದ ಪಾಠವಾಗಿತ್ತು. ಎಲ್ಲರೂ ಕೇಳಿದ್ದರು, ನಾನೊಬ್ಬಳು ಅತ್ತೆಯ ಬಾಯಿ ಒರೆಸುತ್ತಿದ್ದೆ. ಮುಖ್ಯಾಧಿಕಾರಿ ನಗಲಿಲ್ಲ. ಇದಕ್ಕೇನಾ ನಾವು ಖರ್ಚು ಮಾಡ್ತಿರೋದು ಎಂದರು. ಕೊನೆಯ ದಿನದ ಪರೀಕ್ಷೆಯಲ್ಲಿ ಪಾಸಾಗದವರ ಬಗ್ಗೆ ತಮ್ಮ ತೀರ್ಮಾನ ಮೊದಲು ಹೇಳಿದ್ದೇ ಎಂದು ನೆನಪಿಸಿ ಹೊರಟುಹೋದರು. ನನ್ನ ಕಣ್ಣ ಮುಂದೆ ಊರ ಹೊರಗಿನ ಉಗ್ರಾಣದ ಬಾಗಿಲು ತೆರೆದುಕೊಂಡಿತು.

ಎಲ್ಲರೂ ಹೋದ ಮೇಲೆ ನಾನು ಆ ಕೆರೆಯನ್ನು ಅಳಿಸುತ್ತ ಕೂತಿದ್ದೆ. ಹಿಂದಿನ ಸಾಲಿನಲ್ಲಿ ಕರೆಂಟಿನ ಖರ್ಚು ನೋಡಲೆಂದೇ ಬಂದು ಕೂತಿದ್ದ ಕತ್ತರಿ ಹತ್ತಿರ ಬಂದರು. ಮಧ್ಯಾಹ್ನ ಎಲ್ಲಿದ್ದಿರಿ ಎಂದು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಕೈ ಚಾಚಿದರು.

“ಮನೆ ಕೀಲಿ ಕೊಡಿ. ನಾಳೆಯಿಂದ ಮಧ್ಯಾಹ್ನ ಅಮ್ಮನಿಗೆ ನಾನು ಊಟ ಮಾಡಿಸ್ತೀನಿ.”

ಗೇಲಿ ಮಾಡುತ್ತಿದ್ದಾರೆಂದು ನನಗೆ ಬುಸ್ಸೆಂದು ಸಿಟ್ಟು ಬಂತು. ಆದರೆ ಆ ಮುಖದಲ್ಲಿ ಗೇಲಿ ಇರಲಿಲ್ಲ, ನಿಬ್ಬು ನೋಡುವಾಗ ಇರುವ ಗಾಂಭೀರ್ಯವೇ ಇತ್ತು. ನಮ್ಮತ್ತೆ ಹೊರಗಿನವರ ಕೈಯಲ್ಲಿ ತಿನ್ನುವುದಿಲ್ಲ, ನಿಮ್ಮ ಮೇಲೆ ಉಗುಳುತ್ತಾರೆ ಎಂದೆ. ನಿಮಗೆ ನಿಮ್ಮ ಕೆಲಸವಿಲ್ಲವೇ ಎಂದೂ ಕೇಳಿದೆ. ಮಧ್ಯಾಹ್ನ ನನಗೆ ಕೆಲಸ ಇರಲ್ಲ ಎಂದರು. ಹಸಿ ಸುಳ್ಳು. ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಪೆನ್ನು ಹಿಡಿದು ಅವರು ಉಣ್ಣುವುದನ್ನು ಕಚೇರಿಯೆಲ್ಲ ನೋಡಿದೆ.

“ಆ ಹೊತ್ತಲ್ಲಿ ಪಾಠ ಇಟ್ಟಿದ್ದು ನಾನು,” ಎಂದರು. “ನಿಮ್ಮ ಕುರ್ಚಿಗೆ ಖರ್ಚು ಆಗ್ಲೇ ಬಿದ್ದಿದೆ. ಅರ್ಧ ಕಲಿತ್ರೆ ಅರ್ಧ ದುಡ್ಡು ದಂಡ.”

ಕೀಲಿ ಕೊಟ್ಟೆ. ಮೆತ್ತಗೆ ಬೇಯಿಸಿದ್ದು ಎಲ್ಲಿ ಇಡುತ್ತೇನೆ, ಬೆನ್ನಿಗೆ ಯಾವ ದಿಂಬು, ನೀರನ್ನು ಚಮಚದಲ್ಲೇ ಏಕೆ ಕೊಡಬೇಕು ಎಂದು ಹೇಳುತ್ತ ಹೋದೆ. ಅವರು ಒಂದನ್ನೂ ಬರೆದುಕೊಳ್ಳದೆ ಕೇಳಿದರು, ಬರೆದುಕೊಳ್ಳದೆ ಅವರು ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮನೆಗೆ ಹೋಗಿ ಅತ್ತೆಗೂ ಹೇಳಿದೆ. ನಾಳೆಯಿಂದ ಕೆಲವು ದಿನ ನಮ್ಮ ಕಚೇರಿಯ ಮೇಡಂ ಬರ್ತಾರೆ, ದೊಡ್ಡವರು, ನನ್ನ ಮಾನ ಕಳೀಬೇಡಿ ಎಂದೆ. ಅತ್ತೆ ಸೂರು ನೋಡುತ್ತ ಮಲಗಿದ್ದರು.

ಮರುದಿನ ಮಧ್ಯಾಹ್ನ ನಾನು ಪಾಠಕ್ಕೆ ಕೂತೆ, ಜೀವ ಮಾತ್ರ ಮನೆಯಲ್ಲಿತ್ತು. ಸಂಜೆ ಓಡಿಹೋಗಿ ನೋಡಿದರೆ ತಟ್ಟೆ ತೊಳೆದು ಬೋರಲು ಹಾಕಿತ್ತು, ಅತ್ತೆಯ ಕೊರಳಿಗೆ ಕಟ್ಟುವ ಬಟ್ಟೆ ಒಗೆದು ಹರವಿತ್ತು, ಅತ್ತೆ ಹೊಟ್ಟೆ ತುಂಬಿದವರ ಗೊರಕೆ ಹೊಡೆಯುತ್ತಿದ್ದರು. ಎದುರುಮನೆಯ ದರ್ಜಿಯಾಕೆ ತನ್ನ ಹೊಲಿಗೆ ಯಂತ್ರದ ಹಿಂದೆ ಕೂತೇ ಎಲ್ಲವನ್ನೂ ನೋಡಿದ್ದಳು. ಮೊದಲು ಅತ್ತೆ ಬಾಯಿ ಬಿಗಿದುಕೊಂಡರಂತೆ, ಎರಡನೆಯ ತುತ್ತನ್ನು ಉಗುಳಿಯೂ ಬಿಟ್ಟರಂತೆ. ಬಂದಾಕೆ ಪೂಸಿ ಹೊಡೆಯಲಿಲ್ಲ, ಗದರಲೂ ಇಲ್ಲ. ಮುಖ ಒರೆಸಿಕೊಂಡು, ತನ್ನ ಡಬ್ಬಿಯನ್ನು ಬಿಚ್ಚಿ, ಅತ್ತೆಯ ಎದುರೇ ತಾನು ಉಣ್ಣತೊಡಗಿದರಂತೆ. ಒಬ್ಬಳೇ ಉಣ್ಣುವುದು ಬೇಜಾರು ಎಂಬುದೊಂದೇ ಮಾತು ಹೇಳಿದ್ದಂತೆ. ಸ್ವಲ್ಪ ಹೊತ್ತಿಗೆ ಅತ್ತೆ ತಾವಾಗಿ ಬಾಯಿ ತೆರೆದರಂತೆ. ಆಮೇಲೆ ಆಕೆಗೊಂದು ತುತ್ತು, ಈಕೆಗೊಂದು ತುತ್ತು. ದರ್ಜಿಯಾಕೆ ಇದನ್ನು ಹೇಳುತ್ತ ಕಣ್ಣೊರೆಸಿಕೊಂಡಳು, ನಾನು ಅವಳ ಬಾಗಿಲಲ್ಲೇ ನಿಂತು ಜೋರಾಗಿ ಅತ್ತುಬಿಟ್ಟೆ. ನನ್ನ ಗಂಡನ ತಂಗಿಗೂ ಆಗದ್ದನ್ನು ನಾನು ಬೈದಾಡಿದ ಹೆಂಗಸು ಮಾಡಿದ್ದರು.

ಅವತ್ತಿನಿಂದ ವಾರ ಮುಗಿಯುವವರೆಗೂ ಹೀಗೆಯೇ ನಡೆಯಿತು. ಪಾಠ ಮುಗಿಯುವ ಹೊತ್ತಿಗೆ ಕೀಲಿ ನನ್ನ ಮೇಜಿನ ಮೇಲಿರುತ್ತಿತ್ತು. ಥ್ಯಾಂಕ್ಸ್ ಹೇಳಲು ಹೋದರೆ ಅವರು ತಲೆಯೆತ್ತದೆ, ಇವತ್ತು ಏನು ಕಲಿತಿರಿ ಎಂದು ಕೇಳುತ್ತಿದ್ದರು. ಕಲಿತದ್ದನ್ನು ಹೇಳಬೇಕಿತ್ತು. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ಕಲಿತಿಲ್ಲ. ಮಧ್ಯಾಹ್ನದ ಪ್ರತಿ ಮಾತನ್ನೂ ಯಾರೋ ನನಗಾಗಿ ಮೊಣಕಾಲೂರಿ ಕೂತು ಸಂಪಾದಿಸುತ್ತಿದ್ದಾರೆ ಎನ್ನಿಸುತ್ತಿತ್ತು. ಗೆರೆ ಎಳೆಯುವ ಮೊದಲು ಚಿತ್ರ ನೋಡಿದೆ, ಅನುಮಾನ ಬಂದರೆ ಕೇಳಿದೆ, ಗುರುಗಳ ಕ್ಷಮೆ ಬೇಡಿ ತಲೆಯನ್ನೂ ಓಡಿಸಿದೆ.

ಪರೀಕ್ಷೆಯಲ್ಲಿ ಪಾಸಾದೆ. ಮೊದಲಿಗಳಾಗಿ ಅಲ್ಲ, ಮೊದಲಿಗ ಇಂಜಿನಿಯರ್, ಆಮೇಲೆ ಕಂಪ್ಯೂಟರ್ ಆಪರೇಟರ್. ನಾನು ನಡುವೆ ಎಲ್ಲೋ ಇದ್ದೆ, ನನಗೆ ಅಷ್ಟು ಸಾಕಾಗಿತ್ತು. ಮೇಸ್ತ್ರಿಯೂ ದಡ ಸೇರಿದ. ಕಂದಾಯ ನಿರೀಕ್ಷಕರು ಮಾತ್ರ ನಪಾಸಾಗಿ, ಕೌಂಟರಿನಲ್ಲಿ ತಮಗಿನ್ನು ನಕ್ಷೆಯ ಕಾಟವಿಲ್ಲವೆಂದು ಎಲ್ಲರಿಗೂ ಚಹಾ ಕೊಡಿಸಿದರು. ಟೀಚರಮ್ಮ ಹೊರಡುವಾಗ ನನ್ನನ್ನು ಅಪ್ಪಿಕೊಂಡಳು. ಆ ಹುಡುಗಿ ಎಲ್ಲಿದ್ದರೂ ತಣ್ಣಗಿರಲಿ.

ಕೊನೆಯ ಸಭೆಯಲ್ಲಿ ಕತ್ತರಿ ತರಬೇತಿಯ ಖರ್ಚಿನ ವಿವರ ಓದಿದರು. ಶುಲ್ಕ, ಪ್ರಯಾಣ, ಟೇಪು, ಚಹಾ. ಮಂಜೂರಾದದ್ದರಲ್ಲಿ ಇನ್ನೂ ಉಳಿದಿದೆ ಎಂದು ಓದುವಾಗ ಅವರ ದನಿ ಒಂದಿಷ್ಟು ಮೇಲೇರಿತು. ಮಧ್ಯಾಹ್ನದ ಸಂಗತಿ ಅದರಲ್ಲಿ ಎಲ್ಲಿ ಬರುತ್ತದೆ ಎಂದು ಎದ್ದು ಕೇಳಬೇಕೆಂದು ನನಗೆ ನಾಲಿಗೆ ತುರಿಸಿತು. ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು, ನಾನು ಏಳದೆ ಹಾಗೇ ಕೂತೆ. ನನ್ನನ್ನು ನಕ್ಷೆ ಕೊಠಡಿಯಲ್ಲೇ ಮುಂದುವರಿಸಿದ ಆದೇಶ ಅಂದೇ ಕೈಗೆ ಬಂತು.

ಮುಂದಿನ ಸೋಮವಾರ ಕೌಂಟರು ಮುಚ್ಚಿದ ತಕ್ಷಣ ಎಂದಿನಂತೆ ಓಡಿದೆ. ಎರಡು ಬೀದಿಗಳೂ ನನ್ನವೇ ಆಗಿದ್ದವು, ಎಷ್ಟು ಹಗುರವಾಗಿತ್ತು ಮನಸ್ಸು. ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು, ಕೊರಳಿಗೆ ಬಟ್ಟೆ ಕಟ್ಟಿ, ಬಿಸಿಯಾದ ಊಟ ಕಲಸಿ ತುತ್ತು ಎತ್ತಿದೆ. ಅತ್ತೆ ಬಾಯಿ ತೆರೆಯಲಿಲ್ಲ. ನನ್ನ ಹೆಗಲಾಚೆ ಬಾಗಿಲನ್ನು ನೋಡುತ್ತಿದ್ದರು. ತುತ್ತನ್ನು ತುಟಿಗೆ ತಾಗಿಸಿದೆ. ಎಡಗೈಯಿಂದ ತಳ್ಳಿದರು. ಆಮೇಲೆ, ಇಷ್ಟು ತಿಂಗಳಲ್ಲಿ ನಾನು ಕೇಳದಷ್ಟು ಸ್ಪಷ್ಟವಾಗಿ, “ಅವಳೆಲ್ಲಿ?” ಎಂದರು.

ಮೊದಲು ನನಗೆ ಚುರ್ರೆಂದಿತು. ಇಷ್ಟು ಕಾಲ ಓಡೋಡಿ ಬಂದು ಉಣ್ಣಿಸಿದವಳು ನಾನು, ನಾಲ್ಕು ದಿನ ಬಂದವರು ಇವರಿಗೆ ಹೆಚ್ಚಾದರೇ. ಅವರಿಗೆ ಅವರ ಕೆಲಸವಿದೆ, ಇನ್ನು ಬರಲ್ಲ ಎಂದು ಬಿರುಸಾಗಿಯೇ ಹೇಳಿದೆ. ಅತ್ತೆ ಗೋಡೆಯ ಕಡೆ ತಿರುಗಿದರು, ಕಣ್ಣಿನ ಅಂಚಿನಲ್ಲಿ ನೀರು ನಿಂತಿತ್ತು. ಅದನ್ನು ಕಂಡು ನನ್ನ ಸಿಟ್ಟು ಇಳಿದುಹೋಯಿತು. ಈ ಮನೆಗೆ ಬರುವ ಮನುಷ್ಯರೇ ಕಡಿಮೆಯಾಗಿದ್ದರು. ಬಂದವರು ಅವರ ಕಾಯಿಲೆ ನೋಡಲು ಬರುತ್ತಿದ್ದರೇ ಹೊರತು ಜೊತೆಗೆ ಉಣ್ಣಲು ಅಲ್ಲ. ತಟ್ಟೆ ಮುಚ್ಚಿಟ್ಟು, ದರ್ಜಿಯಾಕೆಗೆ ಒಂದು ಕಣ್ಣಿಟ್ಟಿರು ಎಂದು ಕೂಗಿ ಹೇಳಿ, ಬಂದ ದಾರಿಯಲ್ಲೇ ಕಚೇರಿಗೆ ಓಡಿದೆ.

ಕತ್ತರಿ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಡಬ್ಬಿ ತೆರೆದಿತ್ತು, ಪೆನ್ನು ಓಡುತ್ತಿತ್ತು. ನಾನು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, ನಮ್ಮತ್ತೆ ಊಟ ಮಾಡುತ್ತಿಲ್ಲ, ನಿಮ್ಮನ್ನು ಕೇಳುತ್ತಿದ್ದಾರೆ ಎಂದೆ. ಪೆನ್ನು ನಿಂತಿತು.

“ಏನಂತ ಕೇಳಿದ್ರು?”

ಅವರಿಗೆ ಯಾವುದೂ ಇದ್ದದ್ದು ಇದ್ದಂತೆ ಬೇಕು ಎಂದು ಗೊತ್ತಿದ್ದರೂ ನಾನು ಸ್ವಲ್ಪ ಅಳುಕಿದೆ. ಆ ಕಟ್ಟಡದಲ್ಲಿ ಅವರು ಎಲ್ಲರಿಗೂ ಮೇಡಂ, ಜವಾನನಿಗೂ ನೀವು ಎನ್ನುವವರು.

“‘ಅವಳೆಲ್ಲಿ’ ಅಂದ್ರು ಮೇಡಂ. ಕಾಯಿಲೆಯವರು, ತಪ್ಪು ತಿಳ್ಕೋಬೇಡಿ. ‘ಅವರು’ ಅನ್ನೋದೆಲ್ಲ ಈಗ ಅವರ ನಾಲಿಗೆಗೆ ಹೊರಳಲ್ಲ.”

“ಅವಳು ಅಂದ್ರಾ?”

ಹೌದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ಆವರೆಗೆ ನೋಡಿರಲಿಲ್ಲ.

“ನಮ್ಮಮ್ಮ ಹೋದ ಮೇಲೆ ನನ್ನನ್ನ ಹಾಗನ್ನೋರು ಯಾರೂ ಇರಲಿಲ್ಲ,” ಎಂದರು.

ಡಬ್ಬಿಯ ಮುಚ್ಚಳ ಹಾಕಿ ಎದ್ದರು. ದೀಪ, ಫ್ಯಾನು ಎರಡನ್ನೂ ಆರಿಸಿದರು. ನನ್ನ ಪಕ್ಕದಿಂದ ಹಾದು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದವರು ತಿರುಗಿ, ಬೇಗ ನಡೀರಿ, ಅಮ್ಮನ ಊಟ ತಣ್ಣಗಾಗುತ್ತೆ ಎಂದರು.